ಒಂದು ಲೋಟ ಸೋಸಿದ ನೀರು

ಫೆಬ್ರವರಿ 9, ಭಾನುವಾರ

ಮಗಳು ತನ್ವಿಯ ಕಂಪ್ಯೂಟರಿನ ನೀರು ಬದಲಿಸಲು ಬೆಳ್ತಂಗಡಿಯ ಕಂಪ್ಯೂಟರ್ ಅಂಗಡಿಯಿಂದ ಮುಝಮ್ಮಿಲ್ ಬಂದಿದ್ದ. ಅದನ್ನು ಜೋಡಿಸಿಕೊಟ್ಟವನೂ ಅವನೇ. ಗಾಜಿನ ಪೆಟ್ಟಿಗೆಯೊಳಗೆ ಹಾಲಿನಂಥ ದ್ರವವೊಂದು ಪೈಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಯಂತ್ರದ ಬಿಸಿಯನ್ನು ಹೊತ್ತುಕೊಂಡು ಹೋಗಿ, ಫ್ಯಾನುಗಳ ಗಾಳಿಗೆ ತಣಿದು ಮತ್ತೆ ಬರುತ್ತದೆ. ಮನೆಗೆ ಬಂದವರು ‘ಎಂತ ಟೀಚರ್, ಕಂಪ್ಯೂಟರಿಗೆ ಹಾಲು ಕುಡಿಸ್ತೀರಾ?’ ಎಂದು ತಮಾಷೆ ಮಾಡುತ್ತಾರೆ.

ವರ್ಷಕ್ಕೊಮ್ಮೆ ಅದನ್ನು ಪೂರ್ತಿ ತೆಗೆದು ಒಳಗೆಲ್ಲ ತೊಳೆಯಬೇಕಂತೆ. ಮುಝಮ್ಮಿಲ್ ಕೆಳಗಿನ ತಿರುಪು ಬಿಚ್ಚಿ ಹಳೆಯದನ್ನು ಬಕೆಟಿಗೆ ಬಿಟ್ಟ. ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ, ಆ ಡಿಸ್ಟಿಲ್ಡ್ ವಾಟರ್ ತುಂಬಿಸಿದ. ತನ್ವಿ ಒಂದು ಕಡೆ, ಅವನು ಇನ್ನೊಂದು ಕಡೆ ಹಿಡಿದು ಪೆಟ್ಟಿಗೆಯನ್ನು ಆಚೆ ಈಚೆ ವಾಲಿಸಿದರು. ಮತ್ತೆ ಖಾಲಿ ಮಾಡಿದರು, ಮತ್ತೆ ತುಂಬಿಸಿದರು. ಹೊರಗೆ ಬರುವ ನೀರು ತಿಳಿಯಾಗುವವರೆಗೂ ಇದೇ ಕೆಲಸ. ಆಮೇಲೆ ಹೊಸ ಬಿಳಿ ದ್ರವ, ಕೂಲಂಟ್ ಅಂತೆ ಅದರ ಹೆಸರು.

ಕೆಲಸ ಮಾಡುತ್ತಾ ಬಾಯಿಗೆ ಬಿಡುವಿಲ್ಲ ಅವನಿಗೆ. “ಇದರಲ್ಲಿ ಮದ್ದು ಉಂಟು ಟೀಚರ್. ಇಲ್ಲದಿದ್ದರೆ ಒಳಗೆ ಪಾಚಿ, ಹುಳ ಎಲ್ಲ ಹುಟ್ತದೆ. ಈ ಮದ್ದಿಗೆ ಹುಟ್ಟಿದ ಕೂಡಲೇ ಖಲಾಸ್.”

ಅವನು ಅದನ್ನು ಹೇಳಿದ ರೀತಿಗೆ ನನಗೆ ಒಂದು ಥರಾ ಆಯಿತು. ಜೈನರ ಈ ಮನೆಯಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವವನ್ನು ಅದೇ ಬಾವಿಗೆ ಮೆಲ್ಲನೆ ಇಳಿಸುವುದು ನನ್ನ ಅತ್ತೆಯ ಕಾಲದಿಂದ ನಡೆದುಬಂದದ್ದು. ಅದೇ ಮನೆಯ ಕೋಣೆಯೊಂದರಲ್ಲಿ ಇದು.

“ಹಾಗಾದರೆ ಬಾವಿ ನೀರನ್ನೇ ಚೆನ್ನಾಗಿ ಸೋಸಿ ಹಾಕಿದರೆ ಆಗುವುದಿಲ್ಲವಾ?” ಎಂದು ಕೇಳಿದೆ. ಅವನು ಜೋರಾಗಿ ನಕ್ಕ. ಏನೋ ಹೇಳಲು ಹೊರಟಿದ್ದ, ಅಷ್ಟರಲ್ಲಿ ತನ್ವಿ, “ಅಮ್ಮ, ನಿನಗೆ ಇದೆಲ್ಲ ಬೇಡ. ಚಹಾ ಮಾಡ್ತೀಯಾ?” ಎಂದಳು.

ಚಹಾ ಮಾಡಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವಳು ನಾನು. ಪ್ರಶ್ನೆ ಕೇಳಿದ ಮಕ್ಕಳಿಗೆ ಹೀಗೆ ಒಂದು ದಿನವೂ ಹೇಳಲಿಲ್ಲ.

ಫೆಬ್ರವರಿ 19, ಬುಧವಾರ

ತನ್ವಿ ಕೊಚ್ಚಿಗೆ ಹೋಗಿದ್ದಾಳೆ. ಕಡಲಾಮೆಗಳ ಬಗ್ಗೆ ಮಕ್ಕಳಿಗಾಗಿ ಒಂದು ಚಿತ್ರ. ಆಮೆಮರಿಗಳು ಮರಳಿನಿಂದ ಎದ್ದು ಕಡಲಿಗೆ ಓಡುವುದನ್ನೆಲ್ಲ ಇವಳೇ ಕಂಪ್ಯೂಟರಿನಲ್ಲಿ ಮಾಡುತ್ತಿದ್ದಾಳೆ. ಮೊದಲ ಬಾರಿ ಇವಳ ಹೆಸರು ಚಿತ್ರದಲ್ಲಿ ಬರುತ್ತದಂತೆ. ಆ ಯಂತ್ರ ಇವಳಿಲ್ಲದೆಯೂ ಕೋಣೆಯಲ್ಲಿ ತನ್ನಷ್ಟಕ್ಕೆ ಕೆಲಸ ಮಾಡುತ್ತಿದೆ.

ಹೊರಡುವಾಗ ಹೇಳಿದ್ದಳು, ಪೆಟ್ಟಿಗೆಯೊಳಗಿನ ಸಣ್ಣ ಟ್ಯಾಂಕಿನ ಗೆರೆಗಿಂತ ನೀರು ಇಳಿದರೆ ಫೋನ್ ಮಾಡು ಎಂದು. ಇವತ್ತು ಇಳಿದಿತ್ತು. ಮಾಡಿದೆ.

“ಮೀಟಿಂಗಿನಲ್ಲಿದ್ದೇನೆ ಅಮ್ಮ. ಗಾಳಿ ಹೋದ ಜಾಗಕ್ಕೆ ಇಳಿದಿರಬೇಕು, ಹೆದರಬೇಡ. ಮುಟ್ಟಬೇಡ, ಆಯ್ತಾ? ಮುಟ್ಟಬೇಡ. ಸಂಜೆ ಮಾಡ್ತೇನೆ.”

ಎರಡು ಸಲ ಹೇಳಿದಳು. ಹಿಂದೆ ಒಮ್ಮೆ ಗುಡಿಸುವಾಗ ವಯರು ಎಳೆದುಹೋಗಿತ್ತು, ಅಂದಿನಿಂದ ನಾನು ಆ ಕೋಣೆಯ ಹೊಸ್ತಿಲಲ್ಲಿ ನಿಂತರೂ ಅವಳ ಕಣ್ಣು ನನ್ನ ಕಾಲ ಮೇಲೆ.

ಸಂಜೆ ಫೋನ್ ಬರಲಿಲ್ಲ.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ನೋಡಿದರೆ ಇನ್ನೂ ಸ್ವಲ್ಪ ಇಳಿದ ಹಾಗೆ ಕಂಡಿತು. ಮೇಜಿನಡಿ ಮುಝಮ್ಮಿಲ್ ಬಿಟ್ಟುಹೋದ ಇನ್ನೊಂದು ತುಂಬಿದ ಬಾಟಲಿ ಇತ್ತು. ಅದರಲ್ಲಿ ಮದ್ದು. ನನ್ನ ಕೈಯಾರೆ ಅದನ್ನು ಎರೆಯಲಾರೆ ಅನ್ನಿಸಿತು. ಬಾವಿಯಿಂದ ಆಗ ತಾನೇ ಸೇದಿದ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಒಂದು ಲೋಟ ಹಾಕಿದೆ. ಮುಚ್ಚಳ ಉಪ್ಪಿನಕಾಯಿ ಜಾಡಿಯದರಂತೆ ತಿರುಗಿಸಿದರೆ ಬರುತ್ತದೆ, ಅಷ್ಟೇ. ನೀರು ಸರಿಯಾಗಿ ಗೆರೆಗೆ ಬಂದು ನಿಂತಿತು. ಒಂದು ಹನಿ ಚೆಲ್ಲಲಿಲ್ಲ.

ಮಧ್ಯಾಹ್ನ ತನ್ವಿ ಫೋನ್ ಮಾಡಿ, “ನೀರು ಹೇಗುಂಟು?” ಎಂದು ಕೇಳಿದಳು.

“ಸರಿಯಾಗಿ ಉಂಟು,” ಎಂದೆ. ಸುಳ್ಳೇನಲ್ಲವಲ್ಲ.

ಮಾರ್ಚ್ 7, ಶುಕ್ರವಾರ

ತನ್ವಿ ಕೊಚ್ಚಿಯಿಂದ ಬಂದಿದ್ದಾಳೆ. ಸೆಕೆಯೆಂದರೆ ಸೆಕೆ. ತನ್ವಿಯ ಯಂತ್ರದ ಫ್ಯಾನುಗಳೂ ಜೋರಾಗಿ ಕೂಗುತ್ತಿವೆ. ಬಟ್ಟೆ ಮಡಚಿಡಲು ಹೋದಾಗ ಟ್ಯಾಂಕಿನ ತಳ ನೋಡಿದೆ. ಬಿಳಿ ಒಂದು ಕಡೆ, ನೀರು ಒಂದು ಕಡೆ ಆದ ಹಾಗೆ. ಬೇಸಿಗೆಯಲ್ಲಿ ಹಾಗೆ ಆಗುತ್ತದೋ ಏನೋ. ತನ್ವಿಗೆ ಗೊತ್ತಿರುತ್ತದೆ.

ಮಾರ್ಚ್ 12, ಬುಧವಾರ

ಕಂಪ್ಯೂಟರ್ ತನ್ನಷ್ಟಕ್ಕೆ ನಿಂತುಹೋಗುತ್ತಿದೆ. ಹಾಕಿದರೆ ಸ್ವಲ್ಪ ಹೊತ್ತು ನಡೆಯುತ್ತದೆ, ಬಿಸಿಯಾಗಿ ಮತ್ತೆ ನಿಲ್ಲುತ್ತದೆ. ತನ್ವಿ ಊಟಕ್ಕೂ ಬರಲಿಲ್ಲ. ಕೊಚ್ಚಿಯವರಿಗೆ ಈ ವಾರ ಕೊಡಬೇಕಂತೆ. ಸೂರ್ಯ ಮುಳುಗುವ ಮೊದಲು ನನ್ನ ಊಟ ಮುಗಿಸಿದೆ. ಅವಳ ಪಾಲು ಮುಚ್ಚಿಟ್ಟೆ.

ಬಾವಿ ನೀರಿನಿಂದ ಹೀಗಾಗಲು ಸಾಧ್ಯವೇ ಇಲ್ಲ. ಅದನ್ನೇ ಕುಡಿದು ನಾವು ಬದುಕಿದ್ದೇವೆ.

ಮಾರ್ಚ್ 15, ಶನಿವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತಿದ್ದೇನೆ.

ಮುಝಮ್ಮಿಲ್ ಬಂದ. ಬಿಸಿಲಲ್ಲಿ ಬೈಕಿನಲ್ಲಿ ಬಂದು ಮುಖ ಬಾಡಿತ್ತು. ಉಪವಾಸ ಎಂಬುದು ಮರೆತು ನೀರು ತಂದುಕೊಟ್ಟೆ. “ರಂಝಾನ್ ಅಲ್ವಾ ಟೀಚರ್,” ಎಂದು ನಕ್ಕ. ಗಾಜು ತೆಗೆದು ಟಾರ್ಚ್ ಹಿಡಿದ ಮೇಲೆ ನಗು ಹೋಯಿತು.

“ಎಂತ ಇದು! ಹಾಲು ಒಡೆದ ಹಾಗೆ ಆಗಿದೆಯಲ್ಲ.”

ಒಂದು ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ತೆಗೆದು ಬೆರಳುಗಳ ನಡುವೆ ಉಜ್ಜಿದ. ಮೇಜಿನಡಿಯಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಅದರ ಸೀಲ್ ಹಾಗೇ ಇತ್ತು.

“ತನ್ವಿ, ಇದಕ್ಕೆ ಯಾರೋ ಬೇರೆ ನೀರು ಹಾಕಿದ್ದಾರೆ. ಬೇರೆ ನೀರು ಸೇರಿದರೆ ಈ ಬಿಳಿ ಒಡೆದು ಗಂಟು ಕಟ್ತದೆ. ಗಂಟೆಲ್ಲ ಹೋಗಿ ಒಳಗಿನ ಸಣ್ಣ ಸಂದುಗಳಲ್ಲಿ ಕೂತಿದೆ. ನೀರು ಹರಿಯದಿದ್ದರೆ ಬಿಸಿಯಾಗದೆ ಮತ್ತೆಂತ ಆಗ್ತದೆ?”

“ಯಾರು ಹಾಕ್ತಾರೆ? ನಾನು ಮುಟ್ಟಲಿಲ್ಲ. ಮತ್ತೆ ಮನೆಯಲ್ಲಿರುವುದು ಅಮ್ಮ ಮಾತ್ರ.” ಅವಳು ನನ್ನ ಕಡೆ ತಿರುಗಿದಳು. “ಅಮ್ಮ, ನೀನು ಏನಾದರೂ ಹಾಕಿದೆಯಾ?”

ಅವಳ ಮುಖದಲ್ಲಿ ಸಂಶಯ ಇರಲಿಲ್ಲ. ಕೇಳಬೇಕೆಂದು ಕೇಳಿದ್ದು.

“ನಾನು ಯಾಕೆ ಹಾಕಲಿ? ನಾನು ಅದರ ಹತ್ತಿರವೂ ಹೋಗಲಿಲ್ಲ.”

ಎಷ್ಟು ಬೇಗ ಬಂತು ಆ ಮಾತು! ನಾನು ಯೋಚಿಸಿ ಹೇಳಿದ್ದಲ್ಲ. ಬಾಯಿಯೇ ಹೇಳಿಬಿಟ್ಟಿತು.

ಮುಝಮ್ಮಿಲ್ ನನ್ನನ್ನು ನೋಡಿದ. ಆಮೇಲೆ ಕೈಯಲ್ಲಿದ್ದ ಹತ್ತಿಯನ್ನು ನೋಡಿದ.

“ನನಗೆ ಗೊತ್ತಿಲ್ಲ,” ಎಂದಳು ತನ್ವಿ. “ನೀವು ಹಾಕಿದ್ದೇ ಡುಪ್ಲಿಕೇಟ್ ಇರಬೇಕು. ತೊಳೆದದ್ದೂ ಸರಿಯಾಗಿರಲಿಲ್ಲವೋ ಏನೋ.”

“ನಿಮ್ಮ ಎದುರೇ ತೊಳೆದದ್ದಲ್ವಾ? ಹಾಕಿದ ಬಾಟಲಿಯ ಸೀಲ್ ನಿಮ್ಮ ಎದುರೇ ಒಡೆದದ್ದಲ್ವಾ?” ಅವನ ದನಿ ಏರಿತು. “ನನ್ನ ಅಂಗಡಿಯಲ್ಲಿ ಡುಪ್ಲಿಕೇಟ್ ಇಲ್ಲ. ಬೇರೆಯವರನ್ನು ಕರೆಸಿ. ನಾನು ಇನ್ನು ಇದನ್ನು ಮುಟ್ಟುವುದಿಲ್ಲ.” ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಎಸೆದು ಹೊರಟೇಹೋದ. ಗೇಟನ್ನೂ ಹಾಕಲಿಲ್ಲ.

“ನೋಡಿದೆಯಾ ಅಮ್ಮ ಅಹಂಕಾರ? ತಪ್ಪು ಮಾಡಿ ಮನೆಯವರ ಮೇಲೆ ಹಾಕ್ತಾನೆ.”

ನಾನು ಹೋಗಿ ಗೇಟು ಹಾಕಿ ಬಂದೆ.

ಮಾರ್ಚ್ 16, ಭಾನುವಾರ

ತನ್ವಿ ಅವನ ಅಂಗಡಿಯ ಹೆಸರು ಹಾಕಿ ಇನ್‌ಸ್ಟಾಗ್ರಾಮಿನಲ್ಲಿ ಬರೆದಿದ್ದಾಳೆ, ಒಡೆದ ದ್ರವದ ಫೋಟೋ ಸಮೇತ. ನನಗೆ ಓದಿ ಹೇಳಿದಳು. “ಇಷ್ಟು ಖಾರ ಬೇಕಿತ್ತಾ?” ಎಂದಷ್ಟೇ ಕೇಳಿದೆ.

“ನಾಳೆ ಇನ್ನೊಬ್ಬರಿಗೆ ಮೋಸ ಆಗಬಾರದಲ್ಲ ಅಮ್ಮ.”

ಹೌದು, ಎಂದೆ. ಹೌದು ಎಂದೆ ನಾನು.

ಮಾರ್ಚ್ 18, ಮಂಗಳವಾರ

ಬಸದಿಗೆ ಹೋಗಿ ಬಂದೆ. ಬರೆಯಲು ಏನೂ ಇಲ್ಲ.

ಮಾರ್ಚ್ 23, ಭಾನುವಾರ

ಮಂಗಳೂರಿನಿಂದ ಯಾರೂ ಬರಲು ಒಪ್ಪಲಿಲ್ಲ. ತಾನೇ ಮಾಡುತ್ತೇನೆ ಎಂದು ತನ್ವಿ ವಿಡಿಯೋ ನೋಡಿ ಕಲಿತಳು. ಹಿಡಿಯಲು ಇನ್ನೊಂದು ಜನ ಬೇಕಲ್ಲ, ಅದಕ್ಕೆ ನಾನು.

ಮುಟ್ಟಬೇಡ ಎಂದವಳು ಇವತ್ತು “ಅಮ್ಮ, ಗಟ್ಟಿಯಾಗಿ ಹಿಡಿ” ಎನ್ನುತ್ತಿದ್ದಳು. ಇದೊಂದು ದಿನಕ್ಕಾಗಿ ಎಷ್ಟು ಆಸೆಪಟ್ಟಿದ್ದೆ.

ಒಡೆದದ್ದನ್ನೆಲ್ಲ ಬಕೆಟಿಗೆ ಬಿಟ್ಟೆವು. ಡಿಸ್ಟಿಲ್ಡ್ ವಾಟರ್ ಹಾಕಿ ಬರೀ ಪಂಪು ಮಾತ್ರ ಓಡಿಸಿ, ಪೆಟ್ಟಿಗೆಯನ್ನು ವಾಲಿಸಿ, ಮತ್ತೆ ಖಾಲಿ ಮಾಡಿದೆವು. ತಿಳಿಯಾಗಲೇ ಇಲ್ಲ. ಪ್ರತಿ ಸಲವೂ ಬಿಳಿ ಚೂರುಗಳು ಬರುತ್ತಲೇ ಇದ್ದವು. ಕೊನೆಗೆ ಪೈಪುಗಳನ್ನೇ ಕಳಚಿದೆವು. ಯಂತ್ರದ ಮಿದುಳಿನ ಮೇಲೆ ಕೂರುವ ಒಂದು ತಾಮ್ರದ ತುಂಡು ಉಂಟು, ಬಾಚಣಿಗೆಗಿಂತ ಸಣ್ಣ ಹಲ್ಲುಗಳು ಅದಕ್ಕೆ. ಆ ಹಲ್ಲುಗಳ ಸಂದಿನಲ್ಲೆಲ್ಲ ಗಿಣ್ಣಿನ ಹಾಗೆ ಮೆತ್ತಿಕೊಂಡಿತ್ತು. ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಸೊಂಟ ನೋಯುವವರೆಗೆ ಉಜ್ಜಿದೆ. ನಾನು ಹಾಕಿದ್ದು ನನ್ನ ಉಗುರಿನೊಳಗೆ ಬಂದು ಸೇರಿತು.

“ಅಮ್ಮ, ನೀನು ಎಷ್ಟು ಚಂದ ಮಾಡ್ತೀಯಾ! ಆ ಮನುಷ್ಯನಿಗೆ ನಿನ್ನಷ್ಟು ತಾಳ್ಮೆ ಇದ್ದಿದ್ದರೆ ಹೀಗಾಗ್ತಿರಲಿಲ್ಲ,” ಎಂದಳು.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. “ಬ್ರಶ್ಶು ಸವೆದುಹೋಗಿದೆ, ಇನ್ನೊಂದು ತರ್ತೇನೆ,” ಎಂದು ಎದ್ದೆ. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು ಸ್ವಲ್ಪ ಹೊತ್ತು ನಿಂತೆ. ಅಳು ಬರಲಿಲ್ಲ. ನಾಚಿಕೆಗೆ ಅಳುವೂ ಬರುವುದಿಲ್ಲ ಎಂದು ಗೊತ್ತಿರಲಿಲ್ಲ.

ಮತ್ತೆ ಜೋಡಿಸಿ, ತಿಳಿ ನೀರು ತುಂಬಿಸಿ, ಪೈಪು ಸೇರುವ ಕಡೆಗಳಲ್ಲೆಲ್ಲ ಟಿಶ್ಯೂ ಕಾಗದ ಸುತ್ತಿದೆವು. ಎಲ್ಲಾದರೂ ಸೋರಿದರೆ ಕಾಗದ ಒದ್ದೆಯಾಗುತ್ತದಂತೆ. ನಾಳೆ ಸಂಜೆವರೆಗೆ ಹಾಗೇ ಬಿಟ್ಟು ನೋಡಿ ಆಮೇಲೆ ಕೂಲಂಟ್ ತುಂಬಿಸುವುದು.

ಮಾರ್ಚ್ 27, ಗುರುವಾರ

ಯಂತ್ರ ನಡೆಯುತ್ತಿದೆ. ಆದರೆ ಕೊಚ್ಚಿಯವರು ಉಳಿದ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ತನ್ವಿ ಆಮೆಮರಿಗಳ ಚಿತ್ರವನ್ನು ಪರದೆಯ ಮೇಲಿಂದ ತೆಗೆದು ಬರೀ ಕಪ್ಪು ಹಾಕಿದ್ದಾಳೆ.

ಇನ್ನೊಂದು ಸುದ್ದಿ ಅವಳೇ ಹೇಳಿದಳು. ಉಜಿರೆಯಲ್ಲಿ ಒಂದು ವಿಡಿಯೋ ಸ್ಟುಡಿಯೋದವರು ಇಂಥದೇ ಯಂತ್ರಗಳನ್ನು ಮಾಡಿಸಲು ಮುಝಮ್ಮಿಲ್‌ಗೆ ಮಾತು ಕೊಟ್ಟಿದ್ದರಂತೆ. ತನ್ವಿ ಬರೆದದ್ದನ್ನು ನೋಡಿ ಬೇಡ ಎಂದರಂತೆ. ಅದರ ಕೆಳಗೆ ಅವರೇ ಬರೆದು ಥ್ಯಾಂಕ್ಸ್ ಹೇಳಿದ್ದಾರೆ.

“ಒಳ್ಳೆಯದೇ ಆಯ್ತು,” ಎಂದಳು. ಆದರೆ ಅವಳ ದನಿಯಲ್ಲಿ ಸಂತೋಷ ಇರಲಿಲ್ಲ.

ಏಪ್ರಿಲ್ 2, ಬುಧವಾರ

ಹಬ್ಬ ಮುಗಿದಿರಬಹುದು ಎಂದು ಬೆಳ್ತಂಗಡಿಗೆ ಹೋದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಲಿಕ್ಕುಂಟು ಎಂದು ತನ್ವಿಗೆ ಹೇಳಿದೆ. ಇನ್ನೊಂದು ಸುಳ್ಳು. ವೇಣೂರು ದಾಟುವಾಗ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಗುರುವಾಯನಕೆರೆ ಬರುವಷ್ಟರಲ್ಲಿ ಅದು ಸಣ್ಣದಾಗಿತ್ತು. ಅಂಗಡಿಯ ಮೆಟ್ಟಿಲು ಹತ್ತುವಾಗ ಏನೂ ಉಳಿದಿರಲಿಲ್ಲ.

ಒಬ್ಬನೇ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಕೂರಿ ಎನ್ನಲಿಲ್ಲ.

“ಎಂತ ಬೇಕಿತ್ತು ಟೀಚರ್?”

“ಒಂದು... ಮೌಸಿನ ಅಡಿಗೆ ಇಡುವುದು ಉಂಟಲ್ಲ, ಅದು.”

ಕೊಟ್ಟ. ತೆಗೆದುಕೊಂಡೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಮನೆಗೆ ಬಂದು ಕಪಾಟಿನಲ್ಲಿ ಸೀರೆಗಳ ಅಡಿಗೆ ಸೇರಿಸಿದ್ದೇನೆ.

ಏಪ್ರಿಲ್ 5, ಶನಿವಾರ

ಇಲ್ಲಾದರೂ ನಿಜ ಬರೆಯಬೇಕು. ಇದನ್ನು ಓದುವವರು ಯಾರೂ ಇಲ್ಲ, ಆದರೂ ಇಷ್ಟು ದಿನ ಇಲ್ಲಿಯೂ ಸುಳ್ಳನ್ನೇ ಬರೆದಿದ್ದೇನೆ.

ಜೀವದಯೆಯಿಂದ ಹಾಕಿದ್ದು ಎಂಬ ಹಾಗೆ ಬರೆದೆ. ದಯೆ ಇದ್ದಿದ್ದರೆ ಮದ್ದಿರುವ ಆ ನೀರಿಗೆ ಬಾವಿಯ ಜೀವಂತ ನೀರನ್ನು ಸುರಿಯುತ್ತಿದ್ದೆನಾ? ನಾನು ಹಾಕಿದ್ದು ‘ಮುಟ್ಟಬೇಡ’ ಎಂದದ್ದಕ್ಕೆ. ಅವನು ನಕ್ಕದ್ದಕ್ಕೆ. ಹಾಕಿ, ಏನೂ ಆಗದೆ, ಒಂದು ದಿನ ‘ನೋಡಿ, ನಾನು ಬಾವಿ ನೀರೇ ಹಾಕಿದ್ದು, ಎಂತ ಆಯ್ತು ನಿಮ್ಮ ಮದ್ದಿಗೆ?’ ಎಂದು ಇಬ್ಬರ ಎದುರೂ ಹೇಳಬೇಕೆಂದಿತ್ತು. ಆ ಮಾತನ್ನು ಲೋಟ ಹಿಡಿದಾಗಲೇ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಮೊಣಕಾಲ ಮೇಲೆ ಕೂತು ಎರೆಯುವಾಗ ನಗುತ್ತಿದ್ದೆ ಕೂಡ.

ದಿನದ ತಪ್ಪುಗಳನ್ನು ನೆನೆಯುವ ಪ್ರತಿಕ್ರಮಣದಲ್ಲಿ ದಿನವೂ ಎಲ್ಲ ಜೀವಿಗಳ ಕ್ಷಮೆ ಕೇಳುತ್ತೇನೆ. ಹುಲ್ಲು, ನೀರು, ಗಾಳಿಯ ಜೀವಗಳನ್ನೂ ಬಿಡುವುದಿಲ್ಲ. ಅದಕ್ಕೆ ಬಸ್ಸು ಹತ್ತಬೇಕಾಗಿಲ್ಲ.

ಏಪ್ರಿಲ್ 6, ಭಾನುವಾರ

ತನ್ವಿಗೆ ಹೇಳಿದೆ. ಅವಳು ದೋಸೆ ತಿನ್ನುತ್ತಿದ್ದಳು.

ಮೊದಲು ಅರ್ಥವಾಗಲಿಲ್ಲ. “ಯಾವ ನೀರು?” ಎಂದಳು. ಆಮೇಲೆ ದೋಸೆಯ ತುಂಡು ಕೈಯಲ್ಲೇ ನಿಂತಿತು.

“ನಾನು ಕೇಳಿದ್ದೆನಲ್ಲ ಅಮ್ಮ. ಅವನ ಎದುರಿಗೇ ಕೇಳಿದ್ದೆ.”

“ಹೌದು, ನೀನು ಕೇಳಿದ್ದೆ.”

“ಆಮೆಯ ಚಿತ್ರ ಹೋಯ್ತು ನನ್ನದು.”

“ಗೊತ್ತುಂಟು.”

ತಟ್ಟೆ ಸರಿಸಿ ಎದ್ದುಹೋದಳು. ಬಾಗಿಲು ಹಾಕಿಕೊಂಡಳು. ಬೈಯಲಿ ಎಂದು ಕಾದು ಕೂತೆ. ಬೈಯಲಿಲ್ಲ.

ಏಪ್ರಿಲ್ 8, ಮಂಗಳವಾರ

ತನ್ವಿ ಬರೆದದ್ದನ್ನು ಅಳಿಸಿದ್ದಾಳೆ. “ಆಯ್ತಲ್ಲ, ಇನ್ನು ಬಿಡುವ,” ಎಂದಳು.

“ಅವನಿಗೆ ಹೇಳುವುದು ಬೇಡವಾ?”

“ಎಂತ ಹೇಳುವುದು ಅಮ್ಮ? ನನ್ನ ಮನೆಯವರೇ ಬಾವಿ ನೀರು ಹಾಕಿದ್ದು ಎಂದು ಗೊತ್ತಾದರೆ ನನಗೆ ಯಾರು ಕೆಲಸ ಕೊಡ್ತಾರೆ? ನಿನ್ನನ್ನೂ ನಗಾಡ್ತಾರೆ. ಈಗ ಪೋಸ್ಟೇ ಇಲ್ಲ. ಜನ ಮರೀತಾರೆ.”

ಅವಳು ನನ್ನನ್ನು ಉಳಿಸಲು ಹೇಳುತ್ತಿದ್ದಾಳೆ. ಸಿಟ್ಟಿದ್ದರೂ ಉಳಿಸಲು ನೋಡುತ್ತಿದ್ದಾಳೆ. ತಲೆ ಆಡಿಸಿದೆ. ಹಗುರವಾಗಬೇಕಿತ್ತು.

ಏಪ್ರಿಲ್ 10, ಗುರುವಾರ

ಮಹಾವೀರ ಜಯಂತಿ. ಬಸದಿಯಲ್ಲಿ ಎಲ್ಲರೂ ಸಿಕ್ಕಿದರು. “ಟೀಚರ್, ನೀವು ಸತ್ಯದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ,” ಎಂದು ಮೈಕು ತಂದುಕೊಟ್ಟರು. ಗಂಟಲು ಸರಿಯಿಲ್ಲ ಎಂದು ಹಿಂದೆ ಕೊಟ್ಟೆ.

ಏಪ್ರಿಲ್ 12, ಶನಿವಾರ

ಬೆಳ್ತಂಗಡಿಗೆ ಹೋಗಿ ಬಂದೆ. ಈ ಸಲ ತನ್ವಿಗೆ ನಿಜ ಹೇಳಿ ಹೋದೆ. “ನಿನ್ನ ಇಷ್ಟ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಅಂಗಡಿಯಲ್ಲಿ ಮುಝಮ್ಮಿಲ್ ಅವರು ಮತ್ತು ಇನ್ನೊಬ್ಬರಿದ್ದರು. ಪಕ್ಕದ ಮೊಬೈಲ್ ಅಂಗಡಿಯ ಉನೈಸ್ ಅಂತೆ. ಉನೈಸ್ ಹೋಗಲಿ ಎಂದು ಕಾಯೋಣ ಅನ್ನಿಸಿತು. ಕಾದರೆ ಮತ್ತೆ ಮೌಸಿನ ಅಡಿಯದ್ದು ಕೊಂಡು ಬರುತ್ತೇನೆ ಎಂದೂ ಅನ್ನಿಸಿತು. ನಿಂತಲ್ಲೇ ಹೇಳಿದೆ.

“ತನ್ವಿಯ ಕಂಪ್ಯೂಟರಿಗೆ ಬಾವಿ ನೀರು ಹಾಕಿದ್ದು ನಾನು. ನೀವು ಅಂದು ಸರಿಯಾಗಿಯೇ ಹೇಳಿದ್ದಿರಿ. ನಾನು ನಿಮ್ಮ ಮುಖ ನೋಡಿ ಸುಳ್ಳು ಹೇಳಿದೆ.”

ಉನೈಸ್ ಬಾಯಿ ತೆರೆದು ನನ್ನನ್ನೇ ನೋಡಿದರು. ಮುಝಮ್ಮಿಲ್ ಅವರು ಕೈಯಲ್ಲಿದ್ದ ವಯರನ್ನು ಮೇಜಿನ ಮೇಲೆ ಇಟ್ಟರು.

“ನನಗೆ ಅವತ್ತೇ ಗೊತ್ತಿತ್ತು ಟೀಚರ್.”

“ಗೊತ್ತಿದ್ದೂ ಯಾಕೆ...”

“ಯಾಕೆ ಹೇಳಲಿಲ್ಲ ಅಂತ ಕೇಳ್ತೀರಾ? ಹೇಳಿದೆನಲ್ಲ. ಹೇಳಿದ್ದನ್ನು ಕೇಳಿದವರು ಯಾರು? ನಿಮ್ಮ ಮಾತೆದುರು ನನ್ನ ಮಾತು ನಡೆಯುತ್ತದಾ?”

ನಾನು ಮೇಜಿನ ಹತ್ತಿರ ಹೋದೆ.

“ಈಗ ನಾನು ಎಂತ ಹೇಳಬೇಕು? ಪರವಾಗಿಲ್ಲ ಅಂತಲಾ?” ಅವರ ಕಣ್ಣು ಕೆಂಪಾಗಿತ್ತು. “ಆಗುವುದಿಲ್ಲ ಟೀಚರ್. ಉಜಿರೆಯ ಕೆಲಸ ಅಂತ ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಹಬ್ಬದ ದಿನ ನಮ್ಮ ಮನೆಯಲ್ಲೇ ಕೇಳಿದರು, ಡುಪ್ಲಿಕೇಟ್ ಹಾಕಿದೆಯಾ ಅಂತ. ನನ್ನ ಅಪ್ಪ ಕೇಳಿದ್ದು.”

“ಪರವಾಗಿಲ್ಲ ಅನ್ನುವುದು ಬೇಡ,” ಎಂದೆ. “ಉಜಿರೆಯವರಿಗೆ ನಾನು ಹೋಗಿ ಹೇಳ್ತೇನೆ.”

“ಹೋಗಿ ಹೇಳಿ.”

ಅಷ್ಟೇ. ವಿಳಾಸ ಹೇಳಿದ್ದು ಉನೈಸ್. ಕ್ಷಮಿಸಿ ಎಂಬ ಮಾತನ್ನು ಹೇಳಲೇ ಇಲ್ಲ ಎಂದು ನೆನಪಾದದ್ದು ಬಸ್ಸು ಹೊರಟ ಮೇಲೆ.

ಏಪ್ರಿಲ್ 15, ಮಂಗಳವಾರ

ಉಜಿರೆ. ಸ್ಟುಡಿಯೋ ನಡೆಸುವವಳು ವಿಜೇತಾ ಎಂಬ ಹುಡುಗಿ, ತನ್ವಿಯ ಪ್ರಾಯದವಳು. ಎಲ್ಲ ಕೇಳಿದಳು. ನಗಲಿಲ್ಲ, ಅದು ಅವಳ ದೊಡ್ಡತನ.

“ಆದರೆ ಆಂಟಿ, ನಾವು ಆಗಲೇ ಮಂಗಳೂರಿನವರಿಗೆ ಕೊಟ್ಟಾಯ್ತು. ಈಗ ಬದಲಿಸಲು ಆಗುವುದಿಲ್ಲ. ನೀವು ನನ್ನೊಬ್ಬಳಿಗೆ ಹೇಳಿ ಎಂತ ಪ್ರಯೋಜನ? ಆ ಪೋಸ್ಟನ್ನು ಎಷ್ಟೋ ಜನ ಓದಿದ್ದಾರೆ.”

ಅದೂ ಸರಿಯೇ.

ಏಪ್ರಿಲ್ 19, ಶನಿವಾರ

ತನ್ವಿಯ ಹತ್ತಿರ ಹೇಳಿದೆ, ನಾನು ಮಾತಾಡುತ್ತೇನೆ, ನೀನು ಫೋನಿನಲ್ಲಿ ಹಿಡಿದು ನಿನ್ನ ಪೇಜಿನಲ್ಲೇ ಹಾಕು. ಬೇಡ ಎಂದಳು. ನಿನ್ನೆಯೂ ಬೇಡ ಎಂದಿದ್ದಳು. “ಹಾಗಾದರೆ ಪಕ್ಕದ ಮನೆಯ ಸೇಸಮ್ಮನ ಮಗಳ ಹತ್ತಿರ ಮಾಡಿಸ್ತೇನೆ,” ಎಂದ ಮೇಲೆ ಫೋನ್ ತಂದಳು.

ಜಗಲಿಯಲ್ಲಿ ಕುರ್ಚಿ ಹಾಕಿ ಕೂತೆ. “ನಾನು ಕಮಲಾವತಿ, ಮೂಡುಬಿದಿರೆಯವಳು. ನನ್ನ ಮಗಳ ಕಂಪ್ಯೂಟರ್ ಕೆಟ್ಟದ್ದು ಮುಝಮ್ಮಿಲ್ ಅವರಿಂದಲ್ಲ. ಅವರು ಹಾಕಿದ ಕೂಲಂಟಿಗೆ ನಾನು ಬಾವಿ ನೀರು ಸೇರಿಸಿದೆ. ಕೇಳಿದಾಗ ಸುಳ್ಳು ಹೇಳಿದೆ.”

ತನ್ವಿ ಫೋನ್ ಇಳಿಸಿದಳು. “ಸುಳ್ಳು ಅಂತ ಬೇಡ ಅಮ್ಮ. ಗೊತ್ತಾಗಲಿಲ್ಲ ಅಂತ ಹೇಳು.”

“ಗೊತ್ತಿತ್ತಲ್ಲ.”

ಮತ್ತೆ ಫೋನ್ ಎತ್ತಿದಳು. ‘ಸುಳ್ಳು ಹೇಳಿದೆ’ ಎಂಬುದನ್ನು ಮತ್ತೆ ಹೇಳಿದೆ. ಕೊನೆಗೆ ಅವಳೂ ಎರಡು ಸಾಲು ಬರೆದು ಸೇರಿಸಿದ್ದಾಳೆ: ವಿಚಾರಿಸದೆ ಬರೆದದ್ದು ನನ್ನ ತಪ್ಪು ಎಂದು. ನಾನು ಹೇಳಿಕೊಟ್ಟದ್ದಲ್ಲ.

ಏಪ್ರಿಲ್ 24, ಗುರುವಾರ

ನಗುವವರು ನಗುತ್ತಿದ್ದಾರೆ. ಯಾರೋ ನನ್ನ ಮುಖಕ್ಕೆ ಬಾವಿ, ಹಗ್ಗ ಎಲ್ಲ ಸೇರಿಸಿ ಚಿತ್ರ ಮಾಡಿದ್ದಾರೆ. ಬಸದಿಯಲ್ಲಿ ಒಬ್ಬರು ದೂರದಿಂದಲೇ, “ಟೀಚರ್, ನಮ್ಮ ಫ್ರಿಜ್ಜಿಗೂ ಒಂದು ಲೋಟ ಹಾಕಿ!” ಎಂದು ಕೂಗಿದರು. ಶಾಲೆಯಲ್ಲಿ ನನ್ನ ಜೊತೆಗಿದ್ದವರು ಫೋನ್ ಮಾಡಿ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದರು.

ಮಾವಿನಮಿಡಿ ಬಂದಿದೆ. ಈ ವರ್ಷ ಚೆನ್ನಾಗಿ ಉಂಟು. ನಾಳೆ ಉಪ್ಪಿಗೆ ಹಾಕಬೇಕು.

ಮೇ 11, ಭಾನುವಾರ

ಮುಝಮ್ಮಿಲ್ ಅವರು ಬಂದಿದ್ದರು. ತನ್ವಿ ಹೋದ ವಾರ ತಾನೇ ಹೋಗಿ ಕ್ಷಮೆ ಕೇಳಿದ್ದಳಂತೆ, ನನಗೆ ಹೇಳಿರಲಿಲ್ಲ. ಅವಳು ತುಂಬಿಸಿದ ಕೂಲಂಟಿನಲ್ಲಿ ಗಾಳಿಗುಳ್ಳೆ ಉಳಿದು ಪಂಪು ಗೊರಗೊರ ಎನ್ನುತ್ತಿತ್ತು. ಪೆಟ್ಟಿಗೆಯನ್ನು ಮೆಲ್ಲನೆ ವಾಲಿಸಿ, ತಟ್ಟಿ, ಗುಳ್ಳೆಗಳನ್ನೆಲ್ಲ ಮೇಲೆ ಹತ್ತಿಸಿದರು. ಸದ್ದು ನಿಂತಿತು.

ಹೆಚ್ಚು ಮಾತಾಡಲಿಲ್ಲ. ಮೊದಲಿನ ಹಾಗೆ ಇಲ್ಲ. ಊಟ ಮಾಡಿ ಹೋಗಿ ಎಂದೆ, ಕೆಲಸ ಉಂಟು ಎಂದರು. ಅವರು ಹೊರಡುವಾಗ ನಾನು ಅಂಗಳದವರೆಗೆ ಹೋದೆ.

“ಅವತ್ತು ನಿಮ್ಮ ಹತ್ತಿರ ಕ್ಷಮಿಸಿ ಎಂದು ಹೇಳಲಿಲ್ಲ ನಾನು. ಇವತ್ತು ಹೇಳ್ತೇನೆ. ಕ್ಷಮಿಸಬೇಕು.”

ಹೆಲ್ಮೆಟ್ ಕೈಯಲ್ಲೇ ಇತ್ತು. “ನನ್ನ ಅಪ್ಪ ನಿಮ್ಮ ವಿಡಿಯೋ ನೋಡಿದರು,” ಎಂದರು. “ಎರಡು ಸಲ ನೋಡಿದರು.” ಹೆಲ್ಮೆಟ್ ಹಾಕಿ ಬೈಕ್ ಸ್ಟಾರ್ಟ್ ಮಾಡಿದರು.

ಜೂನ್ 8, ಭಾನುವಾರ

ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಶಿರ್ತಾಡಿಯ ಕಮಲಾಕ್ಷ ಎಂದು ಹೇಳಿದರು, ಹೋಟೆಲು ಉಂಟಂತೆ. ಯಾರ್ಯಾರನ್ನೋ ಕೇಳಿ ನನ್ನ ನಂಬರು ಹುಡುಕಿದ್ದಾರೆ. ಮೆಲ್ಲಗೆ ಮಾತಾಡುತ್ತಿದ್ದರು, ಮನೆಯವರಿಗೆ ಕೇಳಿಸಬಾರದು ಎಂಬ ಹಾಗೆ.

“ಆ ವಿಡಿಯೋದ ಟೀಚರ್ ನೀವೇ ಅಲ್ವಾ? ನನ್ನ ಮಗನದ್ದು ನಿಮ್ಮಲ್ಲಿರುವ ಹಾಗಿನದೇ ಕಂಪ್ಯೂಟರ್. ಅವನು ಮದುವೆಗೆಂದು ಹೋಗಿದ್ದಾನೆ. ಟ್ಯಾಂಕಿನಲ್ಲಿ ಕಡಿಮೆ ಕಂಡಿತು ಅಂತ ನಾನು ಕುಡಿಯುವ ನೀರು ಹಾಕಿಬಿಟ್ಟೆ. ಆಮೇಲೆ ನಿಮ್ಮದು ನೆನಪಾಯ್ತು.”

“ಯಾವಾಗ ಹಾಕಿದ್ದು?”

“ಈಗ. ಈಗಷ್ಟೇ.”

“ಮೊದಲು ಸ್ವಿಚ್ ಆಫ್ ಮಾಡಿ,” ಎಂದೆ. ಫೋನ್ ಇಟ್ಟು ಹೋಗಿ ಮಾಡಿ ಬಂದರು. ಓಡಿಹೋದ ಸದ್ದು ಕೇಳಿಸಿತು. “ಇನ್ನು ಏನೂ ಹಾಕಬೇಡಿ, ಏನೂ ತೆಗೆಯಲೂ ಬೇಡಿ. ಈಗಷ್ಟೇ ಹಾಕಿದ್ದಾದರೆ ಪೂರ್ತಿ ಖಾಲಿ ಮಾಡಿ ತೊಳೆದರೆ ಸರಿಯಾಗ್ತದೆ. ಗಂಟು ಕಟ್ಟಿರುವುದಿಲ್ಲ.” ಬೆಳ್ತಂಗಡಿಯ ಮುಝಮ್ಮಿಲ್ ಅವರ ನಂಬರು ಕೊಟ್ಟೆ. ಬರೆದುಕೊಂಡು ಇನ್ನೊಮ್ಮೆ ಓದಿ ಹೇಳಿದರು.

ಫೋನ್ ಇಡಲಿಲ್ಲ.

“ಟೀಚರ್, ಮಗ ಬರುವುದು ನಾಡಿದ್ದು. ಅಷ್ಟರಲ್ಲಿ ತೊಳೆಸಿ ಸರಿ ಮಾಡಿಟ್ಟರೆ ಅವನಿಗೆ ಗೊತ್ತೇ ಆಗುವುದಿಲ್ಲ ಅಲ್ವಾ?”

“ಆಗುವುದಿಲ್ಲ,” ಎಂದೆ. “ಆದರೂ ರಿಪೇರಿಗೆ ಹೇಳುವ ಮೊದಲು ಅವನಿಗೆ ಹೇಳಿ. ಈಗ ಒಂದು ಮಾತಿನಲ್ಲಿ ಮುಗೀತದೆ.”

“ನಿಮ್ಮ ಮಗಳು ಬೈದಳಾ?”

“ಬೈಯಲಿಲ್ಲ. ಅದೇ ಕಷ್ಟ ಆದದ್ದು.”

“ನನ್ನವನು ಬೈತಾನೆ,” ಎಂದರು.

“ನಿಮ್ಮದು ಪುಣ್ಯ,” ಎಂದೆ. ಅವರು ನಕ್ಕರು. ಫೋನ್ ಇಟ್ಟ ಮೇಲೆ ಅವರು ಮಗನಿಗೆ ಫೋನ್ ಮಾಡಿದರೋ ಇಲ್ಲವೋ ಗೊತ್ತಿಲ್ಲ.